ಬಳ್ಳಿಯನ್ನು ಜಗ್ಗಬೇಡಿ, ಬುಡ ಹುಡುಕಿ

ಮಳೆಗಾಲ ಮುಗಿಯುತ್ತಿದ್ದಂತೆ ಒಂದು ದೂರು ತಪ್ಪದೆ ಬರುತ್ತದೆ: 'ಹೋದ ವರ್ಷವೇ ಪೂರ್ತಿ ಕಿತ್ತು ಹಾಕಿಸಿದ್ದೆವು, ಮತ್ತೆ ಮಾವಿನ ಮರದ ನೆತ್ತಿಗೇರಿದೆ.' ಗುಲಾಬಿ ಹೂಗೊಂಚಲಿನ ಆಂಟಿಗೋನಾನ್ ಬಳ್ಳಿಯ ಕಥೆ ಇದು. ಮೂಲ ಮೆಕ್ಸಿಕೊ. ಹೂವು ಚೆಂದ, ಜೇನುನೊಣಗಳಿಗೂ ಇಷ್ಟ. ಹಾಗೆಂದೇ ಬೇಲಿಗೆ ಹಬ್ಬಿಸಿದವರ ತೋಟದಲ್ಲಿ ಈಗ ಮರಗಳಿಗೆ ಬಿಸಿಲಿಲ್ಲ.

ಕಿತ್ತಿದ್ದು ಹೇಗೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಆಳುಗಳನ್ನು ಕರೆಸಿ ಕೆಳಗಿನಿಂದ ಜಗ್ಗಿಸಿದೆವು. ಜಗ್ಗಿದರೆ ಕುಡಿಗಳು ಸುತ್ತಿಕೊಂಡ ಎಳೆಯ ರೆಂಬೆಗಳೂ ಮುರಿದು ಬೀಳುತ್ತವೆ. ಮಾವು ಹೂ ಬಿಡುವುದೇ ರೆಂಬೆಯ ತುದಿಯಲ್ಲಿ. ಮುಂದಿನ ಫಸಲನ್ನು ನೀವೇ ಮುರಿದಂತಾಯಿತು. ಬಳ್ಳಿಗೆ ಮಾತ್ರ ಏನೂ ಆಗಿರುವುದಿಲ್ಲ.

ಏಕೆಂದರೆ ಅದರ ಜೀವವಿರುವುದು ನೆಲದೊಳಗಿನ ಗೆಡ್ಡೆಗಳಲ್ಲಿ. ಗೆಡ್ಡೆಯೇ ಅದರ ಕಣಜ. ಮೇಲಿನದನ್ನೆಲ್ಲ ಕತ್ತರಿಸಿದರೂ ಕಣಜದಲ್ಲಿ ಉಳಿದಿರುವುದನ್ನು ತಿಂದು ಮತ್ತೆ ಚಿಗುರುತ್ತದೆ. ಆ ಚಿಗುರು ಎಲೆ ಬಿಟ್ಟು ಬಲಿತರೆ ಕಣಜ ಪುನಃ ತುಂಬುತ್ತದೆ. ಆದ್ದರಿಂದ ಬುಡದ ಕಾಂಡಗಳನ್ನೆಲ್ಲ ನೆಲಮಟ್ಟದಲ್ಲಿ ಕತ್ತರಿಸಿ, ಮೇಲಿನ ಬಳ್ಳಿಯನ್ನು ಮರದಲ್ಲೇ ಒಣಗಲು ಬಿಡಿ. ಮಣ್ಣು ಹಸಿಯಿರುವಾಗ ಕೈಗುದ್ದಲಿಯಿಂದ ಸಿಕ್ಕಷ್ಟು ಗೆಡ್ಡೆ ತೆಗೆಯಿರಿ. ಎಲ್ಲವೂ ಸಿಗುವುದಿಲ್ಲ, ತುಂಡಾಗಿ ಉಳಿದದ್ದೂ ಚಿಗುರಬಹುದು. ಹಾಗೆಂದು ಹಾರೆ ಹಿಡಿದು ಮರದ ಬುಡವನ್ನು ಬಗೆಯಬೇಡಿ. ಮರ ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ. ಉಳಿದ ಗೆಡ್ಡೆಯ ಚಿಗುರು ಗೇಣುದ್ದವಾಗುವ ಮೊದಲೇ ಚಿವುಟುತ್ತಾ ಹೋಗಿ. ಒಂದು ಸಲ ಅಲ್ಲ, ಪ್ರತಿ ಸಲ. ಎಷ್ಟು ತಿಂಗಳು ಬೇಕೆಂದು ನಾನು ಮಾತು ಕೊಡಲಾರೆ. ಹಳೆಯ ಬಳ್ಳಿಯಾದರೆ ಒಂದು ಮಳೆಗಾಲಕ್ಕೆ ಮುಗಿಯುವುದು ಅಪರೂಪ.

ಒಣಬಳ್ಳಿ ಮರದಲ್ಲಿ ಜೋತಾಡುವುದು ಜನರಿಗೆ ಸಹಿಸದು. ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು, 'ನೆಂಟರು ನೋಡಿದರೆ ಏನೆಂದಾರು? ಕೆಲಸ ಅರ್ಧಕ್ಕೇ ಬಿಟ್ಟು ಹೊರಟಿರಲ್ಲ' ಎಂದು ನನ್ನನ್ನು ಗೇಟಿನವರೆಗೂ ಗದರಿಸುತ್ತಾ ಬಂದರು. ಆದರೆ ಹೇಳಿದ್ದನ್ನು ಮಾಡಿದರು. ಬೆಳಗ್ಗೆ ಹೂ ಬಿಡಿಸಲು ಹೋದಾಗಲೆಲ್ಲ ಚಿಗುರು ಹುಡುಕಿ ಚಿವುಟಿದರು. ಒಣಬಳ್ಳಿ ತಾನಾಗಿ ಪುಡಿಯಾಗಿ ಉದುರಿತು, ಸೀಬೆ ಮರದ ಒಂದು ರೆಂಬೆಯೂ ಮುರಿಯಲಿಲ್ಲ. ಯಾವ ಆಳಿಗೂ ಇಲ್ಲದ ತಾಳ್ಮೆ ಅವರದು.

ಔಷಧಿ ಹೊಡೆದರಾಯಿತಲ್ಲ ಎನ್ನುವವರಿಗೆ: ಗ್ಲೈಫೋಸೇಟ್ ಎಂಬ ಕಳೆನಾಶಕ ಹಸಿರು ಭಾಗ ಸೋಕಿದರೆ ಸಾಕು, ಒಳಗಿಳಿಯುತ್ತದೆ, ಬಳ್ಳಿಯ ಎಲೆ, ಮಾವಿನ ಎಲೆ ಎಂಬ ಭೇದ ಅದಕ್ಕಿಲ್ಲ. ಮೇಲಾಗಿ ಕೀಟನಿಯಂತ್ರಣ ಪರವಾನಗಿ ಉಳ್ಳವರಲ್ಲದೆ ಬೇರೆಯವರು ಬಳಸಬಾರದೆಂದು ಕೇಂದ್ರ ಸರ್ಕಾರ 2022ರಲ್ಲೇ ನಿರ್ಬಂಧಿಸಿದೆ. ಮರಕ್ಕೆ ಸುತ್ತಿಕೊಂಡ ಬಳ್ಳಿಗೆ ನಾನಂತೂ ಅದನ್ನು ಸೂಚಿಸುವುದಿಲ್ಲ.

ತೆಗೆದ ಗೆಡ್ಡೆಗಳನ್ನು ಗೊಬ್ಬರದ ಗುಂಡಿಗೋ ಪಕ್ಕದ ಖಾಲಿ ಸೈಟಿಗೋ ಎಸೆಯಬೇಡಿ. ಕಲ್ಲುಚಪ್ಪಡಿಯ ಮೇಲೆ ಹರಡಿ, ಸುಕ್ಕುಗಟ್ಟಿ ಪೂರ್ತಿ ಒಣಗುವವರೆಗೂ ಬಿಸಿಲಿಗೆ ಬಿಡಿ.