ತಡೆಯುವುದನ್ನೇ ತಡೆದರೆ: ಪಾಲ್ ಶಾರ್ಪ್ ಪ್ರಯೋಗಗಳ ಟಿಪ್ಪಣಿ

ಹಲ್ಲು ಬೆಳೆಯುವ ಬಗೆಯ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನಿ ಪಾಲ್ ಶಾರ್ಪ್ ಮಾಡಿದ್ದನ್ನೆಲ್ಲ ಇಸವಿವಾರು ಉರುಹೊಡೆಯುವುದು ಬೇಡ. 1998, 2004, 2017: ಮೂರು ಪ್ರಯೋಗ ಹಿಡಿದುಕೊಂಡರೆ ಸಾಕು. ಭ್ರೂಣದಲ್ಲಿ ಹಲ್ಲು ರೂಪುಗೊಳ್ಳುವ ಮೊಗ್ಗು, ಟೋಪಿ, ಗಂಟೆ ಹಂತಗಳು ನಿಮಗೆ ಬರುತ್ತವೆ ಅಂದುಕೊಂಡೇ ಬರೆಯುತ್ತಿದ್ದೇನೆ.

1998. ಇಲಿ ಭ್ರೂಣದ ಕೆಳದವಡೆ. ಮುಂದಿನ ಎಪಿಥೀಲಿಯಂನಿಂದ (ಮೇಲ್ಪದರದ ಕೋಶಗಳಿಂದ) ಬಿಎಂಪಿ-4 ಎಂಬ ಸಂಕೇತ ಪ್ರೋಟೀನ್ ಬರುತ್ತದೆ, ಹಿಂದಿನದರಿಂದ ಎಫ್‌ಜಿಎಫ್-8 ಎಂಬ ಇನ್ನೊಂದು. ಅಡಿಯ ಮೆಸೆಂಕೈಮ್‌ನಲ್ಲಿ (ಮೇಲ್ಪದರದ ಕೆಳಗಿನ ಸಡಿಲ ಅಂಗಾಂಶದಲ್ಲಿ) ಬಾರ್ಕ್ಸ್-1 ಜೀನ್ ಆನ್ ಆಗುವುದು ದವಡೆಹಲ್ಲು ಬರುವ ಕಡೆ. ಶಾರ್ಪ್ ತಂಡ ನಾಗ್ಗಿನ್ ಎಂಬ ಪ್ರೋಟೀನಿನಲ್ಲಿ ನೆನೆಸಿದ ಮಣಿ ಇಟ್ಟಿತು. ಬಾಚಿಹಲ್ಲು ಬರಬೇಕಾದಲ್ಲಿ ದವಡೆಹಲ್ಲು ಬಂತು!

ತಲೆ ಕೆಡುವುದು ಇಲ್ಲೇ. ನಾಗ್ಗಿನ್ ಹೋಗಿ ಬಾರ್ಕ್ಸ್-1 ಆನ್ ಮಾಡಿತು ಅನಿಸುತ್ತದೆ. ಅದು ಜೀನಿನ ತಂಟೆಗೇ ಹೋಗುವುದಿಲ್ಲ. ಕೋಶದ ಹೊರಗೇ ಬಿಎಂಪಿ-4ನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಮುಂಭಾಗದಲ್ಲಿ ಬಾರ್ಕ್ಸ್-1ನ್ನು ಅದುಮಿಟ್ಟಿದ್ದದ್ದು ಈ ಬಿಎಂಪಿ-4. ಅದು ಸಿಕ್ಕಿಬಿದ್ದ ಮೇಲೆ ಬಾರ್ಕ್ಸ್-1 ಮುಂದಕ್ಕೂ ಹರಡಿತು. ಚಿತ್ರ ಬರೆಯುವಾಗ ನಾಗ್ಗಿನ್‌ನಿಂದ ಬಿಎಂಪಿಗೆ ಒಂದು ಅಡ್ಡಗೆರೆ (ತಡೆಯ ಗುರುತು), ಬಿಎಂಪಿಯಿಂದ ಬಾರ್ಕ್ಸ್‌ಗೆ ಇನ್ನೊಂದು. ನಡುವಿನದನ್ನು ಕೈಯಲ್ಲಿ ಮುಚ್ಚಿಕೊಳ್ಳಿ: ಎರಡು ಅಡ್ಡಗೆರೆ ಸೇರಿ ಒಂದು ಬಾಣ, ಅಂದರೆ ಆನ್ ಮಾಡುವ ಗುರುತು. ಗುಣಾಕಾರದಲ್ಲಿ ಮೈನಸ್‌ಗೆ ಮೈನಸ್ ಪ್ಲಸ್. ಮಣಿ ಇಡುವುದು ತಡವಾದರೆ ಹಲ್ಲು ಬದಲಾಗುವುದಿಲ್ಲ, ಅಷ್ಟರಲ್ಲಿ ಮೆಸೆಂಕೈಮ್ ತೀರ್ಮಾನ ಮಾಡಿಬಿಟ್ಟಿರುತ್ತದೆ.

2004ರದ್ದು ಬೇರೆ ಜಾತಿ. ಮೂಳೆಮಜ್ಜೆಯ ಕೋಶಗಳನ್ನು ಭ್ರೂಣದ ಬಾಯಿಯ ಎಪಿಥೀಲಿಯಂ ಜೊತೆ ಸೇರಿಸಿ ಬೆಳೆಸಿದಾಗ ಹಲ್ಲಿನ ರಚನೆ ಮೂಡಿತು. ಹಲ್ಲಿಗೆ ಸಂಬಂಧವೇ ಇಲ್ಲದ ಮೆಸೆಂಕೈಮ್ ಕೋಶವೂ ಎಪಿಥೀಲಿಯಂ ಮಾತು ಕೇಳುತ್ತದೆ ಅನ್ನುವುದು ಮುಖ್ಯ.

2017ರಲ್ಲಿ ಮತ್ತೆ 1998ರ ಲೆಕ್ಕ, ತಡೆಯುವುದನ್ನೇ ತಡೆಯುವುದು. ಹಲ್ಲಿಗೆ ಏಟಾದಾಗ ವಿಂಟ್ ಎಂಬ ಕೋಶ ಸಂಕೇತ ಎದ್ದು, ಪಲ್ಪಿನ (ಹಲ್ಲಿನೊಳಗಿನ ಮೆತ್ತನೆಯ ತಿರುಳಿನ) ಕಾಂಡಕೋಶಗಳು ಡೆಂಟಿನ್, ಅಂದರೆ ಎನಾಮಲ್ ಅಡಿಯ ಗಟ್ಟಿ ಪದರ, ಕಟ್ಟುತ್ತವೆ. ಆದರೆ ಜಿಎಸ್‌ಕೆ-3 ಎಂಬ ಕಿಣ್ವ, ವಿಂಟ್‌ಗೆ ಬೇಕಾದ ಬೀಟಾ-ಕ್ಯಾಟೆನಿನ್ ಪ್ರೋಟೀನ್ ನಾಶವಾಗುವಂತೆ ಮಾಡುತ್ತಲೇ ಇರುತ್ತದೆ. ನಮ್ಮ ಕೋಲಾರದ ಕೆರೆಯಲ್ಲಿ ತೂಬು ತೆರೆದೇ ಇದ್ದ ಹಾಗೆ, ಎಷ್ಟು ಬಂದರೂ ನಿಲ್ಲದು. ಆಲ್‌ಝೈಮರ್‌ಗೆಂದು ಮೊದಲೇ ಪರೀಕ್ಷಿಸಿದ್ದ ಟೈಡ್‌ಗ್ಲುಸಿಬ್ ಎಂಬ ಮದ್ದು ಜಿಎಸ್‌ಕೆ-3ನ್ನು ತಡೆದು ಆ ತೂಬು ಮುಚ್ಚುತ್ತದೆ. ಕೊಲ್ಯಾಜನ್ ಸ್ಪಂಜಿನಲ್ಲಿ ಮದ್ದು ಹಾಕಿ ಇಲಿಯ ದವಡೆಹಲ್ಲಿನ ತೂತಿಗೆ ಇಟ್ಟರು. ಸ್ಪಂಜು ಕರಗುತ್ತಾ ಬಂತು, ಆ ಜಾಗಕ್ಕೆ ಡೆಂಟಿನ್ ಬಂತು.

ಬೋರ್‌ವೆಲ್ ನೀರು ಕುಡಿದು ಬಂದ ಫ್ಲೋರೈಡ್ ಕಲೆಗೂ ಇದು ಆಗುತ್ತದಾ ಅಂತ ಈ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಲ್ಲ. ಕಲೆ ಇರುವುದು ಹಲ್ಲಿನ ಹೊರಕವಚ ಎನಾಮಲ್‌ನಲ್ಲಿ. ಅದನ್ನು ಕಟ್ಟುವ ಅಮೆಲೋಬ್ಲಾಸ್ಟ್ ಕೋಶಗಳು ಹಲ್ಲು ಮೂಡಿದ ಮೇಲೆ ಉಳಿದಿರುವುದಿಲ್ಲ, ಮದ್ದು ಎಬ್ಬಿಸುವುದಾದರೂ ಯಾರನ್ನು? ಪಲ್ಪ್ ಪೂರ್ತಿ ಸತ್ತ ಹಲ್ಲಿಗೂ ಇದೇ ಉತ್ತರ ಬರೆಯಿರಿ: ಎಬ್ಬಿಸಲು ಕೋಶ ಉಳಿದಿಲ್ಲ.