ಸೆಕ್ರೆಟೇರಿಯಟ್: 31 ಲೆಂಗ್ತ್ ಗೆಲುವಿನ ಹಿಂದಿನ ಲೆಕ್ಕ

ಅಮೆರಿಕದ ರೇಸ್ ಕುದುರೆ ಸೆಕ್ರೆಟೇರಿಯಟ್ ಬಗ್ಗೆ ಓದಲು ಕೂತವರೆಲ್ಲ ಮೊದಲು ಬರೆದುಕೊಳ್ಳುವ ಸಾಲು ಒಂದೇ: 1973ರ ಜೂನ್ 9, ನ್ಯೂಯಾರ್ಕ್‌ನ ಬೆಲ್ಮಾಂಟ್ ಸ್ಟೇಕ್ಸ್ ರೇಸ್, 31 ಲೆಂಗ್ತ್ ಗೆಲುವು. ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್. ಅಂದರೆ ಎರಡನೇ ಕುದುರೆ ಸುಮಾರು 75 ಮೀಟರ್ ಹಿಂದೆ ಇತ್ತು. ಇದನ್ನು ಕೇಳಿದರೆ ಕೊನೆಯಲ್ಲಿ ಕುದುರೆ ಸಿಡಿದಂತೆ ಓಡಿರಬೇಕು ಅನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಾಲು ಮೈಲಿಗೊಂದರಂತೆ ಸಮಯ ಬರೆದು ನೋಡಿದಾಗ ಬೇರೆಯೇ ವಿಷಯ ಕಂಡಿತು.

ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1970ರ ಮಾರ್ಚ್ 30, ವರ್ಜೀನಿಯಾದ ಮೆಡೋ ಫಾರ್ಮ್‌ನಲ್ಲಿ. ತಂದೆ ಬೋಲ್ಡ್ ರೂಲರ್, ತಾಯಿ ಸಮ್‌ಥಿಂಗ್‌ರಾಯಲ್. ಬೋಲ್ಡ್ ರೂಲರ್‌ನ ಮಾಲೀಕ ಕುಟುಂಬದ ಆಗ್ಡನ್ ಫಿಪ್ಸ್ ಜೊತೆ ಮೆಡೋದವರಿಗೆ ಒಂದು ಒಪ್ಪಂದವಿತ್ತು: ಹುಟ್ಟುವ ಮರಿಗಳನ್ನು ಹಂಚಿಕೊಳ್ಳುವುದು, ಮೊದಲ ಆಯ್ಕೆ ಯಾರದು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು. 1969ರಲ್ಲಿ ಫಿಪ್ಸ್ ಗೆದ್ದು ಆಗಲೇ ಹುಟ್ಟಿದ್ದ ಹೆಣ್ಣು ಮರಿಯನ್ನು ಆರಿಸಿಕೊಂಡರು. ಸೋತ, ಮೆಡೋ ಫಾರ್ಮ್ ನಡೆಸುತ್ತಿದ್ದ ಪೆನ್ನಿ ಚೆನರಿಯ ಪಾಲಿಗೆ ಬಂದಿದ್ದು ಇನ್ನೂ ಹುಟ್ಟದ ಮರಿ. ಅದೇ ಸೆಕ್ರೆಟೇರಿಯಟ್! ಟ್ರೇನರ್ ಲೂಸಿಯನ್ ಲಾರಿನ್, ಜಾಕಿ ರಾನ್ ಟರ್ಕಾಟ್, ದಿನವೂ ಮೈ ತಿಕ್ಕಿ ನೋಡಿಕೊಂಡವರು ಎಡ್ಡಿ ಸ್ವೆಟ್.

ಈಗ ಲೆಕ್ಕಕ್ಕೆ ಬರೋಣ. ಟ್ರಿಪಲ್ ಕ್ರೌನ್ ಅಂದರೆ ಮೂರು ವರ್ಷದ ಕುದುರೆಗಳ ಮೂರು ರೇಸ್: ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್. ಮೂರೂ ಸುಮಾರು ಐದು ವಾರದೊಳಗೆ ಮುಗಿಯುತ್ತವೆ. ಬೆಂಗಳೂರು, ಮೈಸೂರಿನಲ್ಲಿ ನಾವು ನೋಡುವ ರೇಸ್ ಹುಲ್ಲಿನ ಮೇಲೆ. ಈ ಮೂರೂ ಮಣ್ಣಿನ ಮೇಲೆ. ಸಮಯ ಹೋಲಿಸುವಾಗ ಇದನ್ನು ಮರೆಯಬೇಡಿ.

ಡರ್ಬಿ ಒಂದೂಕಾಲು ಮೈಲಿ, ಅಂದರೆ ಕಾಲು ಮೈಲಿಯ ಐದು ಭಾಗ. ಸೆಕ್ರೆಟೇರಿಯಟ್‌ಗೆ ಒಂದೊಂದಕ್ಕೂ ಹಿಡಿದ ಸೆಕೆಂಡು: 25.2, 24, 23.8, 23.4, 23. ಕೂಡಿದರೆ 119.4, ಅಂದರೆ 1 ನಿಮಿಷ 59.4 ಸೆಕೆಂಡು. ಒಂದೊಂದು ಕಾಲು ಮೈಲಿಯೂ ಹಿಂದಿನದಕ್ಕಿಂತ ವೇಗ. ಕುದುರೆ ದಣಿದು ವೇಗ ಕಡಿಮೆಯಾಗುವುದೇ ಸಹಜ; ಇಲ್ಲಿ ಆಗಿದ್ದು ತಿರುಗುಮುರುಗು. ಕೊನೆಯ ಕಾಲು ಮೈಲಿಯಲ್ಲಿ ವೇಗ ಗಂಟೆಗೆ ಸುಮಾರು 63 ಕಿಲೋಮೀಟರ್.

1973ರ ಬೆಲ್ಮಾಂಟ್ ಒಂದೂವರೆ ಮೈಲಿ. ಅಲ್ಲಿನ ಸೆಕೆಂಡು: 23.6, 22.6, 23.6, 24.4, 24.8, 25. ಒಟ್ಟು 2 ನಿಮಿಷ 24 ಸೆಕೆಂಡು. ಈ ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ. ಬೆಲ್ಮಾಂಟ್‌ನಲ್ಲಿ ಎರಡನೇ ಕಾಲು ಮೈಲಿಯ ನಂತರ ಸೆಕ್ರೆಟೇರಿಯಟ್‌ನ ವೇಗ ಇಳಿಯುತ್ತಲೇ ಹೋಗಿದೆ. ಹಾಗಿದ್ದರೆ 31 ಲೆಂಗ್ತ್ ಎಲ್ಲಿಂದ ಬಂತು?

ಉತ್ತರ ಶಾಮ್ ಅನ್ನುವ ಕುದುರೆಯಲ್ಲಿದೆ. ಡರ್ಬಿಯಲ್ಲೂ ಪ್ರೀಕ್ನೆಸ್‌ನಲ್ಲೂ ಎರಡನೆಯದಾಗಿ ಬಂದಿದ್ದ ಶಾಮ್, ಬೆಲ್ಮಾಂಟ್‌ನ ಮೊದಲ ಭಾಗದಲ್ಲಿ ಸೆಕ್ರೆಟೇರಿಯಟ್‌ನ ಪಕ್ಕದಲ್ಲೇ ಓಡಿತು. ಮುಕ್ಕಾಲು ಮೈಲಿಗೆ 1 ನಿಮಿಷ 9.8 ಸೆಕೆಂಡು. ಇಷ್ಟು ದೂರದ ರೇಸ್‌ಗೆ ಅದು ಸುಡುವ ವೇಗ. ಶಾಮ್ ಅಲ್ಲೇ ದಣಿದು ಹಿಂದೆ ಬಿತ್ತು, ಐದು ಕುದುರೆಗಳಲ್ಲಿ ಕೊನೆಯದಾಯಿತು. ಅದೇ ವೇಗದ ಸಾಲವನ್ನು ಸೆಕ್ರೆಟೇರಿಯಟ್ ಮಾತ್ರ ಸ್ವಲ್ಪ ಸ್ವಲ್ಪವೇ ತೀರಿಸಿತು. ಮೊದಲ ಒಂದೂಕಾಲು ಮೈಲಿ ದಾಟಿದ್ದು 1 ನಿಮಿಷ 59 ಸೆಕೆಂಡಿನಲ್ಲಿ. ಅಂದರೆ ತನ್ನದೇ ಡರ್ಬಿ ಸಮಯಕ್ಕಿಂತ ಬೇಗ, ಅದರ ಮೇಲೆ ಇನ್ನೂ ಕಾಲು ಮೈಲಿ ಬಾಕಿ! ನನ್ನ ಮಟ್ಟಿಗೆ ಇಡೀ ಓಟದಲ್ಲಿ ದೊಡ್ಡ ಅಂಕಿ ಇದೇ, 31 ಅಲ್ಲ.

ಪ್ರೀಕ್ನೆಸ್‌ನ ಸಮಯ ಬೇರೆ ಬೇರೆ ಕಡೆ ಬೇರೆ ಬೇರೆ ಸಿಗುತ್ತದೆ, ಗಾಬರಿ ಬೇಡ. ಅಂದು ಮೈದಾನದ ಎಲೆಕ್ಟ್ರಾನಿಕ್ ಗಡಿಯಾರ ಕೆಟ್ಟಿತ್ತು. 2012ರಲ್ಲಿ ಅಧಿಕೃತ ಸಮಯವನ್ನು 1 ನಿಮಿಷ 53 ಸೆಕೆಂಡು ಎಂದು ತಿದ್ದಿದರು. ಹೀಗೆ ಮೂರೂ ರೇಸ್‌ಗಳ ದಾಖಲೆ ಒಂದೇ ಕುದುರೆಯ ಹೆಸರಿನಲ್ಲಿದೆ.

ಸೋಲುಗಳನ್ನು ಬಿಟ್ಟು ಓದಬೇಡಿ. 21 ರೇಸ್, 16 ಗೆಲುವು, ಉಳಿದ ಐದು ಸೋಲು. 1972ರ ಜುಲೈ 4ರ ಮೊದಲ ರೇಸ್‌ನಲ್ಲಿ ಶುರುವಿಗೇ ಡಿಕ್ಕಿ ಆಗಿ ನಾಲ್ಕನೇ ಸ್ಥಾನ. ಅದೇ ವರ್ಷ ಷಾಂಪೇನ್ ಸ್ಟೇಕ್ಸ್‌ನಲ್ಲಿ ಮೊದಲು ಬಂದರೂ ಅಡ್ಡ ಬಂದಿದ್ದಕ್ಕೆ ಎರಡನೇ ಸ್ಥಾನಕ್ಕೆ ಇಳಿಸಿದರು. ಡರ್ಬಿಗೆ ಎರಡು ವಾರ ಮುಂಚೆ ವುಡ್ ಮೆಮೋರಿಯಲ್‌ನಲ್ಲಿ ಮೂರನೇ ಸ್ಥಾನ, ಆಗ ಬಾಯಲ್ಲಿ ಕೀವುಗುಳ್ಳೆ ಇತ್ತು. ಟ್ರಿಪಲ್ ಕ್ರೌನ್ ಆದಮೇಲೆ ಆನಿಯನ್ ಮತ್ತು ಪ್ರೂವ್ ಔಟ್ ಅನ್ನುವ ಕುದುರೆಗಳ ಎದುರು ಸೋತಿತು. ಆ ಎರಡಕ್ಕೂ ಟ್ರೇನರ್ ಒಬ್ಬರೇ, ಆಲನ್ ಜೆರ್ಕೆನ್ಸ್. ಇದು ಸುಮ್ನೆ ಆಗಿದ್ದಲ್ಲ ಅನ್ನುವುದು ನನ್ನ ಅನಿಸಿಕೆ.

ಹೃದಯದ ತೂಕದ ಬಗ್ಗೆ ಒಂದು ಎಚ್ಚರ. 1989ರ ಅಕ್ಟೋಬರ್ 4ರಂದು, ಗೊರಸಿನ ಉರಿಯೂತ ಜಾಸ್ತಿಯಾಗಿ ಸೆಕ್ರೆಟೇರಿಯಟ್‌ಗೆ ದಯಾಮರಣ ಕೊಟ್ಟರು. ಹೃದಯ ಸುಮಾರು 10 ಕಿಲೋ ಇತ್ತು ಅಂತ ಎಲ್ಲೆಡೆ ಬರೆಯುತ್ತಾರೆ. ಅದನ್ನು ತೂಗಿರಲಿಲ್ಲ, ಪರೀಕ್ಷಿಸಿದ ವೈದ್ಯರು ಕಣ್ಣಂದಾಜಿನಲ್ಲಿ ಹೇಳಿದ್ದು. ಟಿಪ್ಪಣಿಯಲ್ಲಿ 'ಅಂದಾಜು' ಅಂತಲೇ ಬರೆಯಿರಿ.

ಮರಿಗಳ ವಿಷಯದಲ್ಲಿ ಹೆಣ್ಣು ಮಕ್ಕಳ ಸಾಲನ್ನು ನೋಡಿ. ಮಗ ರೈಸನ್ ಸ್ಟಾರ್ 1988ರಲ್ಲಿ ಬೆಲ್ಮಾಂಟ್ ಗೆದ್ದಿತು ನಿಜ. ಆದರೆ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ, ಗಾನ್ ವೆಸ್ಟ್ ಮೂರೂ ಸೆಕ್ರೆಟೇರಿಯಟ್‌ನ ಹೆಣ್ಣು ಮರಿಗಳಿಗೆ ಹುಟ್ಟಿದವು, ಮೂರೂ ಹೆಸರಾಂತ ಬೀಜದ ಕುದುರೆಗಳಾದವು. ಅವುಗಳಲ್ಲಿ ಎ.ಪಿ. ಇಂಡಿ 1992ರಲ್ಲಿ ಅಜ್ಜ ಗೆದ್ದ ಅದೇ ಬೆಲ್ಮಾಂಟ್ ಗೆದ್ದಿತು.