ಲ್ಯಾಬ್ ಎಲ್ಲರದು, ಕನೆಕ್ಟರ್ ಯಾರದು?

"ಗ್ರಾಫ್ ಬರೋದಕ್ಕೆ ಒಂದು ನಿಮಿಷವೂ ಬೇಡ, ಮತ್ತೆ ಇಡೀ ದಿನಕ್ಕೆ ಯಾಕೆ ಬುಕಿಂಗ್ ಮಾಡಿಸ್ತೀರಿ?" ಫೈಬರ್ ಸಂವಹನದ ಬಿಡಿಭಾಗಗಳನ್ನು ಅಳೆಯುವ ನಮ್ಮ ಹಂಚಿಕೆಯ ಲ್ಯಾಬ್‌ಗೆ ಮೊದಲ ಸಲ ಬರುವವರಲ್ಲಿ ಹೆಚ್ಚಿನವರು ಹೀಗೆ ಕೇಳುತ್ತಾರೆ. ಅವರ ಲೆಕ್ಕದಲ್ಲಿ ಅಳತೆ ಎಂದರೆ ಉಪಕರಣದ ಗುಂಡಿ ಒತ್ತುವುದು. ನನ್ನ ಲೆಕ್ಕದಲ್ಲಿ ಗುಂಡಿ ಒತ್ತುವ ಹೊತ್ತಿಗೆ ಅಳತೆಯ ಮುಕ್ಕಾಲು ಪಾಲು ಮುಗಿದಿರಬೇಕು.

ಫೋಟೊಡಯೋಡ್ (ಬೆಳಕನ್ನು ವಿದ್ಯುತ್ತಾಗಿಸುವ ಭಾಗ), ಮಾಡ್ಯುಲೇಟರ್ (ಬೆಳಕಿಗೆ ಸಂಕೇತ ಹಚ್ಚುವ ಭಾಗ), ಲೇಸರ್, ಅವನ್ನು ನಡೆಸುವ ಡ್ರೈವರ್ ಚಿಪ್‌ಗಳನ್ನು ತಯಾರಿಸುವ ಸಣ್ಣ ಕಂಪನಿಗಳಿಗೂ ಸಂಶೋಧನಾ ತಂಡಗಳಿಗೂ ಹಂಚಿಕೆಯ ಲ್ಯಾಬ್ ಬಿಟ್ಟರೆ ಬೇರೆ ದಾರಿಯಿಲ್ಲ. ಬಿಡಿಭಾಗ ಸಂಕೇತವನ್ನು ಎಷ್ಟು ದಾಟಿಸುತ್ತದೆ, ಎಷ್ಟು ಹಿಂದಿರುಗಿಸುತ್ತದೆ ಎಂದು 67 ಅಥವಾ 110 ಗಿಗಾಹರ್ಟ್ಸ್‌ವರೆಗೆ ಅಳೆಯುವ ನೆಟ್‌ವರ್ಕ್ ಅನಲೈಸರ್, ಅಲೆಯ ಆಕಾರ ತೋರಿಸುವ ಸ್ಯಾಂಪ್ಲಿಂಗ್ ಆಸಿಲೋಸ್ಕೋಪ್, ಬಿಟ್ ದೋಷ ಎಣಿಸುವ ಟೆಸ್ಟರ್, ಬರಿ ಚಿಪ್ಪಿನ ಮೇಲೆ ಸೂಜಿಯಿಡುವ ಪ್ರೋಬ್ ಸ್ಟೇಷನ್, ಇಷ್ಟನ್ನೂ ಸ್ವಂತಕ್ಕೆ ಕೊಳ್ಳಲು ಹೊರಟರೆ ಚಿಪ್ ಮಾಡಿಸಲು ದುಡ್ಡು ಉಳಿಯುವುದಿಲ್ಲ. ಹಾಗಾಗಿ ಹತ್ತಾರು ತಂಡಗಳು ಒಂದೇ ಟೇಬಲ್, ಒಂದೇ ಕೇಬಲ್ ಹಂಚಿಕೊಳ್ಳುತ್ತವೆ. ಈ 'ಒಂದೇ ಕೇಬಲ್' ಎಂಬ ಮಾತಿನ ಬಗ್ಗೆಯೇ ನಾನು ಬರೆಯಬೇಕೆಂದಿರುವುದು.

ಮೊದಲು ನಾವು ಎಷ್ಟು ಚಿಕ್ಕ ಕಾಲವನ್ನು ಅಳೆಯುತ್ತಿದ್ದೇವೆ ಎಂದು ನೋಡೋಣ. ಇಂದಿನ 400 ಗಿಗಾಬಿಟ್ ಈಥರ್‌ನೆಟ್ ಮಾಡ್ಯೂಲ್‌ಗಳಲ್ಲಿ ಒಂದೊಂದು ಲೇನ್ (ಸಮಾನಾಂತರ ದಾರಿ) ಸೆಕೆಂಡಿಗೆ 100 ಗಿಗಾಬಿಟ್ ಹೊರುವ ಮಾದರಿ ಈಗ ಸಾಮಾನ್ಯ. ಅದರಲ್ಲಿ ಬೆಳಕು ಬರಿ ಆರಿ ಹೊತ್ತುವುದಲ್ಲ, ನಾಲ್ಕು ಮಟ್ಟಗಳಲ್ಲಿ ಏರಿಳಿಯುತ್ತದೆ. 53.125 ಗಿಗಾಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 5312.5 ಕೋಟಿ ಸಂಕೇತಗಳು ಹೋಗುವಾಗ, ಒಂದು ಸಂಕೇತಕ್ಕೆ ಸಿಗುವ ಅವಧಿ 18.8 ಪಿಕೊಸೆಕೆಂಡ್ (ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು). ಅಷ್ಟರಲ್ಲಿ ಫೈಬರ್‌ನೊಳಗೆ ಬೆಳಕು ನಾಲ್ಕು ಮಿಲಿಮೀಟರ್ ಕೂಡ ಸಾಗುವುದಿಲ್ಲ. ಹೀಗಿರುವಾಗ ನಿಮ್ಮ ಡಯೋಡ್‌ಗೂ ಉಪಕರಣಕ್ಕೂ ನಡುವಿನ ಒಂದು ಗೇಣು ಕೇಬಲ್ಲೂ ಅಳತೆಯೊಳಗೆ ಸೇರಿಬಿಡುತ್ತದೆ. ಅದನ್ನು ಲೆಕ್ಕದಿಂದ ಕಳೆಯುವ ಕೆಲಸಕ್ಕೇ ಕ್ಯಾಲಿಬ್ರೇಷನ್ ಎನ್ನುವುದು. ಗುಣ ಮೊದಲೇ ತಿಳಿದಿರುವ ಶಾರ್ಟ್ (ತುದಿ ಕೂಡಿಸಿದ್ದು), ಓಪನ್ (ತುದಿ ತೆರೆದದ್ದು), ಲೋಡ್ (ಸಂಕೇತ ಹೀರುವುದು), ಥ್ರೂ (ನೇರ ಜೋಡಣೆ) ಇವುಗಳನ್ನು ಒಂದೊಂದಾಗಿ ಹಚ್ಚಿ, 'ಅಳತೆ ಇಲ್ಲಿಂದ ಶುರು' ಎಂದು ಉಪಕರಣಕ್ಕೆ ಒಂದು ಗಡಿ ತೋರಿಸುತ್ತೇವೆ. ಆಮೇಲೆ ಕೇಬಲ್ ಅಲುಗಿದರೆ ಗಡಿಯೂ ಅಲುಗುತ್ತದೆ. 67 ಗಿಗಾಹರ್ಟ್ಸ್‌ನಲ್ಲಿ ಕೇಬಲ್‌ನೊಳಗಿನ ತರಂಗದ ಉದ್ದ ಸುಮಾರು 3 ಮಿಲಿಮೀಟರ್. ಕೋಣೆಯ ಉಷ್ಣತೆ ಬದಲಾಗಿ ಕೇಬಲ್ ಮಿಲಿಮೀಟರಿನ ನೂರರಲ್ಲೊಂದು ಪಾಲು ಹಿಗ್ಗಿದರೂ ಫೇಸ್ (ಅಲೆ ತನ್ನ ಸುತ್ತಿನಲ್ಲಿರುವ ಜಾಗ) ಒಂದು ಡಿಗ್ರಿಗಿಂತ ಹೆಚ್ಚು ತಪ್ಪುತ್ತದೆ. ಲ್ಯಾಬಿನ ಬಾಗಿಲನ್ನು ತೆರೆದಿಡಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ.

ಕೆಲವು ವರ್ಷಗಳ ಹಿಂದಿನ ಒಂದು ವಾರ ನನಗೆ ಮರೆಯುವುದಿಲ್ಲ. ಒಂದು ತಂಡ ಹೊಸ ಫೋಟೊಡಯೋಡ್ ತಂದಿತ್ತು. ಅದರ ಸ್ಪಂದನದ ಗೆರೆ (ಆವರ್ತನ ಏರಿದಂತೆ ಅದು ಎಷ್ಟು ಸಂಕೇತ ಕೊಡುತ್ತದೆ ಎಂಬ ಗ್ರಾಫ್) 40 ಗಿಗಾಹರ್ಟ್ಸ್‌ವರೆಗೆ ನಿಧಾನವಾಗಿ ಇಳಿಯಬೇಕು. ಪರದೆಯ ಮೇಲೆ ಕಂಡದ್ದು ಗರಗಸದ ಹಲ್ಲಿನಂಥ ಅಲೆ. ಮೂರು ದಿನ ಅವರು ತಮ್ಮ ಚಿಪ್ಪನ್ನೇ ಅನುಮಾನಿಸಿದರು. ಚಿಪ್ಪನ್ನು ಹೊರಗೆ ಜೋಡಿಸುವ ಸಣ್ಣ ತಂತಿ (ವೈರ್ ಬಾಂಡ್) ಉದ್ದವಾಯಿತೆ, ಪ್ಯಾಕೇಜ್ ಕೆಟ್ಟಿತೆ ಎಂದು ರಾತ್ರಿಯೆಲ್ಲ ಸಿಮ್ಯುಲೇಷನ್ ಓಡಿಸಿದರು. ನಾಲ್ಕನೇ ದಿನ ನಾನು ಆ ಅಲೆಯ ಎರಡು ಶಿಖರಗಳ ನಡುವಿನ ಅಂತರ ಅಳೆದೆ. ಸುಮಾರು 0.7 ಗಿಗಾಹರ್ಟ್ಸ್. ಎರಡು ಕಡೆ ಪ್ರತಿಫಲನವಾಗಿ ಅಲೆ ನಡುವೆ ಓಡಾಡುತ್ತಿದ್ದರೆ ಆ ಅಂತರದಿಂದ ದೂರ ಗೊತ್ತಾಗುತ್ತದೆ. ನಮ್ಮ ಕೇಬಲ್‌ನಲ್ಲಿನ ವೇಗ ಹಾಕಿ ಲೆಕ್ಕ ಮಾಡಿದರೆ 15 ಸೆಂಟಿಮೀಟರ್. ಅವರ ಡಯೋಡ್ ಇದ್ದದ್ದು ಬೆರಳುಗುರಿನಷ್ಟು ಜಾಗದಲ್ಲಿ. 15 ಸೆಂಟಿಮೀಟರ್ ಉದ್ದವಿದ್ದದ್ದು ನಮ್ಮ ಲ್ಯಾಬಿನ ಜಂಪರ್ ಕೇಬಲ್ (ಚಿಕ್ಕ ಜೋಡಣೆ ಕೇಬಲ್).

ಅದರ ತುದಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. 2.92 ಮಿಲಿಮೀಟರ್ ಕನೆಕ್ಟರಿನ ಹೆಣ್ಣು ತುದಿಯಲ್ಲಿ, ನಡುವಿನ ಪಿನ್ನನ್ನು ಹಿಡಿದುಕೊಳ್ಳುವ ತೆಳು ಬೆರಳುಗಳಿರುತ್ತವೆ. ಅವುಗಳಲ್ಲಿ ಒಂದು ಹೊರಕ್ಕೆ ಬಾಗಿತ್ತು. ಹಿಂದಿನ ವಾರ ಬಂದವರು ಯಾರೋ ಸಾಧಾರಣ ಎಸ್‌ಎಂಎ (ಕಡಿಮೆ ಆವರ್ತನಕ್ಕೆ ಬಳಸುವ ಕನೆಕ್ಟರ್) ಕೇಬಲ್ ತಂದು ಅದಕ್ಕೆ ತಿರುಗಿಸಿದ್ದರು. ಎಸ್‌ಎಂಎ ಮತ್ತು 2.92 ಒಂದಕ್ಕೊಂದು ಕೂಡಿಕೊಳ್ಳುತ್ತವೆ, ತೊಂದರೆಯಿರುವುದೇ ಅಲ್ಲಿ. ಅಗ್ಗದ ಎಸ್‌ಎಂಎಯಲ್ಲಿ ಪಿನ್ ಸ್ವಲ್ಪ ಮುಂದೆ ಚಾಚಿದ್ದರೂ ಸಾಕು, ನಾಜೂಕಾದ ಬೆರಳು ಬಾಗುತ್ತದೆ. ಬಾಗಿಸಿದವರಿಗೆ ಆ ದಿನ ಏನೂ ಗೊತ್ತಾಗಿರಲಾರದು, ಅವರ ಅಳತೆ ಕಡಿಮೆ ಆವರ್ತನದ್ದು. ಅದರ ಬೆಲೆ ತೆತ್ತವರು ಮುಂದಿನ ವಾರ ಬಂದವರು. ಸ್ವಂತ ಲ್ಯಾಬಿನಲ್ಲಿ ನಿಮ್ಮ ತಪ್ಪು ನಿಮಗೇ ತಿರುಗಿ ಬರುತ್ತದೆ. ಇಲ್ಲಿ ಅದು ಅಪರಿಚಿತರ ಡೇಟಾದೊಳಗೆ ಹೋಗಿ ಕೂರುತ್ತದೆ. ಆ ತಂಡದ ಹುಡುಗಿಯೊಬ್ಬಳು ಮೂರು ದಿನ ತನ್ನದೇ ವಿನ್ಯಾಸವನ್ನು ದೂಷಿಸಿಕೊಂಡಿದ್ದಳಲ್ಲ, ಅದು ನನಗೆ ಇವತ್ತಿಗೂ ನೋವು.

ಆಮೇಲೆ ನಾವು ಎರಡು ಪದ್ಧತಿ ತಂದೆವು. ಉಪಕರಣದ ಪೋರ್ಟ್‌ಗೂ ಮುಖ್ಯ ಕೇಬಲ್ ತುದಿಗೂ ಒಂದೊಂದು ಚಿಕ್ಕ ಅಡಾಪ್ಟರ್ ಕಾಯಂ ಆಗಿ ಕೂರಿಸಿದೆವು. ಸವೆದರೆ ಅದು ಸವೆಯಲಿ, ಬದಲಿಸುವುದು ಸುಲಭ. ಎರಡನೆಯದು ಇನ್ನೂ ಸರಳ. ದಿನಾ ಬೆಳಿಗ್ಗೆ, ಯಾರ ಕೆಲಸ ಶುರುವಾಗುವ ಮುನ್ನವೂ, ಒಂದೇ ಹಳೆಯ ಫೋಟೊಡಯೋಡ್‌ನ ಸ್ಪಂದನ ಅಳೆದು ದಾಖಲಿಸುತ್ತೇವೆ. ಆ ಡಯೋಡ್ ಬೇರೆ ಯಾವ ಕೆಲಸಕ್ಕೂ ಇಲ್ಲ. ನಿನ್ನೆಯ ಗೆರೆ ಮತ್ತು ಇವತ್ತಿನ ಗೆರೆ ಒಂದರ ಮೇಲೊಂದು ಕೂತರೆ ಬಂದವರಿಗೆ ಟೇಬಲ್ ಬಿಟ್ಟುಕೊಡುತ್ತೇವೆ. ಬೇರೆ ಲ್ಯಾಬಿಗೆ ಹೋಗುವವರಿಗೂ ನನ್ನ ಸಲಹೆ ಇದೇ: ನಿಮ್ಮದೇ ಒಂದು ಪರಿಚಿತ ಬಿಡಿಭಾಗ ಜೇಬಿನಲ್ಲಿರಲಿ, ಹೊಸದನ್ನು ಅಳೆಯುವ ಮೊದಲು ಅದನ್ನು ಅಳೆಯಿರಿ. ಕನೆಕ್ಟರ್ ಬಿಗಿಯುವಾಗ ಹೊರಗಿನ ನಟ್ ಮಾತ್ರ ತಿರುಗಬೇಕು, ಮೈ ತಿರುಗಬಾರದು. ಕೊನೆಯ ಬಿಗಿತವನ್ನು ಟಾರ್ಕ್ ವ್ರೆಂಚ್‌ಗೆ ಬಿಡಿ, ಕೈಯ ಅಂದಾಜಿಗಲ್ಲ.

ಫೈಬರ್ ಕಡೆಯ ಕಥೆಯೂ ಬೇರೆಯಲ್ಲ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರೋಮೀಟರ್. ಬೆರಳಿನ ಜಿಡ್ಡಿನ ಒಂದು ಚುಕ್ಕೆ ಅದನ್ನು ಪೂರ್ತಿ ಮುಚ್ಚಬಲ್ಲದು. ಕೊಳೆಯಾದ ತುದಿಯನ್ನು ಹಾಗೇ ಜೋಡಿಸಿದರೆ ಕೊಳೆ ಎದುರಿನ ತುದಿಗೂ ಒತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನವರ ಕೇಬಲ್‌ಗೆ ದಾಟುತ್ತದೆ. ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಜೋಡಿಸಿ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಇವೆರಡನ್ನು ಜೋಡಿಸಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಸೋರುತ್ತದೆ. ಜೋಡಿಸುವಾಗಲಂತೂ ಲೇಸರ್ ಆಫ್ ಆಗಿರಲೇಬೇಕು. 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಆಂಪ್ಲಿಫೈಯರಿನಿಂದ ಬರುವ 100 ಮಿಲಿವ್ಯಾಟ್ ಕಣ್ಣಿಗೂ ಅಪಾಯ, ಫೋಟೊಡಯೋಡನ್ನೂ ಸುಡಬಲ್ಲದು. ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಮೊದಲು, ಡಯೋಡ್ ಆಮೇಲೆ.

ಬಿಟ್ ದೋಷದ ಪರೀಕ್ಷೆಗೆ ಸಮಯ ಹಾಕಿಕೊಳ್ಳುವಲ್ಲಿಯೂ ಬಹಳ ಜನ ಎಡವುತ್ತಾರೆ. ಲಕ್ಷ ಕೋಟಿ ಬಿಟ್‌ಗಳು ಹೋದರೆ ತಪ್ಪುವುದು ಸರಾಸರಿ ಒಂದನ್ನು ಮೀರುವುದಿಲ್ಲ ಎಂದು ಶೇಕಡ 95ರ ಭರವಸೆಯಿಂದ ಹೇಳಬೇಕಾದರೆ, ಒಂದೂ ದೋಷವಿಲ್ಲದೆ ಮೂರು ಲಕ್ಷ ಕೋಟಿ ಬಿಟ್‌ಗಳು ಹಾದುಹೋಗಬೇಕು. 10 ಗಿಗಾಬಿಟ್‌ನಲ್ಲಿ ಅದಕ್ಕೆ ಐದು ನಿಮಿಷ. ಈಗಿನ ನಾಲ್ಕು ಮಟ್ಟದ ಸಂಕೇತಗಳಲ್ಲಿ ದೋಷ ತಿದ್ದುವ ಕೋಡ್ ಇರುವುದರಿಂದ, ಹತ್ತು ಸಾವಿರ ಬಿಟ್‌ಗೆ ಎರಡು ತಪ್ಪಿದರೂ ನಡೆಯುತ್ತದೆ. ಅಷ್ಟನ್ನು ಎಣಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹಾಗೆಂದು ಪರೀಕ್ಷೆ ಮುಗಿಯಿತು ಎಂದುಕೊಳ್ಳಬೇಡಿ. ಆ ಕೋಡ್ 544 ಚಿಹ್ನೆಗಳ (ಚಿಹ್ನೆ ಎಂದರೆ ಬಿಟ್‌ಗಳ ಸಣ್ಣ ಗುಂಪು) ಒಂದು ಕಂತೆಯಲ್ಲಿ 15 ತಪ್ಪುಗಳನ್ನಷ್ಟೇ ತಿದ್ದುತ್ತದೆ. ಸರಾಸರಿ ಚೆನ್ನಾಗಿದ್ದು ತಪ್ಪುಗಳೆಲ್ಲ ಒಂದೇ ಕಂತೆಯಲ್ಲಿ ಗುಂಪುಗೂಡಿದರೆ ಲಿಂಕ್ ಬೀಳುತ್ತದೆ. ಆ ಗುಂಪು ಕಾಣಬೇಕಾದರೆ ಗಂಟೆಗಟ್ಟಲೆ ಓಡಿಸಬೇಕು, ಬುಕಿಂಗ್‌ನಲ್ಲಿ ಆ ಗಂಟೆಗಳಿಗೂ ಜಾಗ ಇರಬೇಕು.

ಇನ್ನೊಂದು ವಿಷಯ, ತಂಡಗಳು ಕೇಳಲು ಸಂಕೋಚಪಡುವಂಥದ್ದು. ಬೆಳಿಗ್ಗೆ ನೀವು ಕೂತ ಜಾಗದಲ್ಲಿ ಮಧ್ಯಾಹ್ನ ನಿಮ್ಮ ಪ್ರತಿಸ್ಪರ್ಧಿ ಕೂರಬಹುದು. ಉಪಕರಣದ ಡಿಸ್ಕ್‌ನಲ್ಲಿ ನಿಮ್ಮ ಫೈಲ್ ಉಳಿಯಬಾರದು. ಅಳಿಸುವ ಮುನ್ನ ಗ್ರಾಫಿನ ಚಿತ್ರ ಮಾತ್ರವಲ್ಲ, ಕಚ್ಚಾ ಡೇಟಾ, ಆ ದಿನದ ಕ್ಯಾಲಿಬ್ರೇಷನ್ ಫೈಲ್, ಕೋಣೆಯ ಉಷ್ಣತೆ, ಕೇಬಲ್ ಸಂಖ್ಯೆಗಳು, ಟೇಬಲ್ಲಿನ ಒಂದು ಫೋಟೊ, ಎಲ್ಲವನ್ನೂ ಜೊತೆಗೆ ಒಯ್ಯಿರಿ. ಆರು ತಿಂಗಳ ನಂತರ ಯಾರಾದರೂ ಆ ಗೆರೆಯಲ್ಲೊಂದು ಅಲೆ ತೋರಿಸಿ ಪ್ರಶ್ನಿಸಿದಾಗ, ಅದು ಚಿಪ್ಪಿನದೋ ಕೇಬಲ್ಲಿನದೋ ಎಂದು ಹೇಳಲು ನಿಮ್ಮ ಬಳಿ ಇರುವುದು ಅಷ್ಟೇ. ಕೊನೆಯ ಇಪ್ಪತ್ತು ನಿಮಿಷ ಟೇಬಲ್ಲಿಗೆ ಮೀಸಲಿಡಿ. ಪ್ರತಿ ತುದಿಗೂ ಮುಚ್ಚಳ ಹಾಕಿ, ಎಲ್ಲಾದರೂ ಬಿಗಿ ಹೆಚ್ಚಾಗಿತ್ತು, ಏನಾದರೂ ಕೈಜಾರಿ ಬಿತ್ತು ಎನಿಸಿದರೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಬರೆದದ್ದಕ್ಕೆ ನಮ್ಮಲ್ಲಿ ಯಾರಿಗೂ ದಂಡ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ಹಳೆಯ ಡಯೋಡ್ ಅಳೆಯುವ ಮುನ್ನ ನಾನು ಮೊದಲು ತೆರೆಯುವುದು ಆ ಪುಸ್ತಕವನ್ನೇ.